ಚಕ್ರದ ಮೇಲಿನ ಬರಹ

ಕನ್ನಡ ಪಂಡಿತನೊಬ್ಬನು ಮೋಟಾರಿನ ಟೈರುಗಳ ವಿಚಾರವಾಗಿ ಮಾತನಾಡಲು ಹೊರಟಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಬರಲಿ. ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಂಧಿ ಸಮಾಸಗಳನ್ನೂ ಷಟ್ಪದಿಯ ಲಕ್ಷಣಗಳನ್ನೂ ಹೇಳಿಕೊಡುತ್ತ ಬಂದವನು ನಾನು. ಯಂತ್ರಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಸೈಕಲ್ಲಿನ ಚೈನು ಕಳಚಿದರೆ ಮತ್ತೆ ಹಾಕಿಕೊಳ್ಳುವಷ್ಟಕ್ಕೇ ನಿಂತಿತ್ತು. ಆದರೆ ಈಗ ನಮ್ಮಂಥ ಮೇಷ್ಟರುಗಳ ಮನೆಯ ಮುಂದೆಯೂ ಒಂದೊಂದು ಕಾರು ನಿಂತಿರುತ್ತದೆ. ಹೊಸದಲ್ಲ, ಯಾರೋ ಓಡಿಸಿ ಬಿಟ್ಟದ್ದು. ಅಂಥ ಕಾರನ್ನು ಕೊಳ್ಳುವಾಗ ಮೆಕ್ಯಾನಿಕ್ಕಿನವನನ್ನು ಕರೆದುಕೊಂಡು ಹೋಗಿ ಎಂಜಿನು ನೋಡಿಸುತ್ತೇವೆ, ಕಾಗದಪತ್ರ ನೋಡುತ್ತೇವೆ, ಬಣ್ಣ ನೋಡುತ್ತೇವೆ. ಚಕ್ರಗಳನ್ನು ಮಾತ್ರ ಕಾಲಿನಿಂದ ಒಂದು ಸಲ ಒದ್ದು "ಚೆನ್ನಾಗಿವೆ" ಎಂದು ಬಿಡುತ್ತೇವೆ. ಹಾಗೆ ಒದ್ದವರಲ್ಲಿ ನಾನೂ ಒಬ್ಬ.

2022ರಲ್ಲಿ ನನ್ನ ಹೆಂಡತಿಯ ತಮ್ಮ ಬೆಂಗಳೂರಿನಲ್ಲಿ ಹೊಸ ಗಾಡಿ ತೆಗೆದುಕೊಂಡು, ತನ್ನ ಹಳೆಯ ಆಲ್ಟೋ ಕಾರನ್ನು ನಮಗೆ ಕೊಟ್ಟ. ಪುಕ್ಕಟೆಯಾಗಿ ಅಲ್ಲ, ಆದರೆ ಬೇರೆಯವರಿಗೆ ಹೇಳುವ ಬೆಲೆಗಿಂತ ಕಡಿಮೆಗೆ. ಅದು 2014ರ ಗಾಡಿ, ಮೂವತ್ತೊಂದು ಸಾವಿರ ಕಿಲೋಮೀಟರು ಓಡಿತ್ತು. "ಭಾವ, ಇದು ಷೆಡ್ಡಿನಲ್ಲೇ ಇದ್ದ ಗಾಡಿ. ಟೈರು ಕೂಡ ಕಂಪೆನಿಯಿಂದ ಬಂದವೇ. ಬಟನ್ ನೋಡಿ, ಇನ್ನೂ ಹೇಗಿದೆ!" ಎಂದು ಅಭಿಮಾನದಿಂದ ತೋರಿಸಿದ. ನಮ್ಮ ಕಡೆ ಟೈರಿನ ಮೈಮೇಲಿನ ಗೀರುಗಳಿಗೆ, ಉಬ್ಬುಗಳಿಗೆ ಬಟನ್ ಎಂದೇ ಹೇಳುವುದು ರೂಢಿ. ಅವು ನಿಜವಾಗಿಯೂ ಚೆನ್ನಾಗಿದ್ದವು. ಅವನು ಸುಳ್ಳಾಡಲಿಲ್ಲ, ನಮ್ಮಿಬ್ಬರಿಗೂ ತಿಳಿಯದು, ಅಷ್ಟೆ.

ಮಾರನೆಯ ವರ್ಷ ಜೂನ್ ತಿಂಗಳಲ್ಲಿ ತಾಯಿಯವರನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಹಾಸನದಿಂದ ಸುಬ್ರಹ್ಮಣ್ಯಕ್ಕೆ ಹೊರಟೆ. ತಾಯಿಗೆ ಎಂಬತ್ತು ದಾಟಿದೆ. ಸಕಲೇಶಪುರ ಕಳೆದು, ದೋಣಿಗಾಲು ದಾಟಿ, ಶಿರಾಡಿ ಘಾಟಿಯನ್ನು ಇಳಿಯತೊಡಗಿದಾಗ ಮಳೆ ಹಿಡಿಯಿತು. ಮಲೆನಾಡಿನ ಮೊದಲ ಮಳೆ ಎಂಥದೆಂದು ಬಲ್ಲವರಿಗೆ ನಾನು ವರ್ಣಿಸಬೇಕಾಗಿಲ್ಲ. ನಾನು ವೇಗವಾಗಿಯೇನೂ ಹೋಗುತ್ತಿರಲಿಲ್ಲ. ಮುಳ್ಳು ನಲವತ್ತರ ಆಸುಪಾಸಿನಲ್ಲಿತ್ತು. ತಿರುವಿನಲ್ಲಿ ಮುಂದಿನ ಲಾರಿ ಥಟ್ಟನೆ ನಿಂತಿತು. ನಾನು ಬ್ರೇಕು ತುಳಿದೆ. ಚಕ್ರಗಳೇನೋ ನಿಂತವು, ಕಾರು ಮಾತ್ರ ನಿಲ್ಲಲಿಲ್ಲ. ಎಣ್ಣೆ ಸವರಿದ ಕಾವಲಿಯ ಮೇಲೆ ಬೆಣ್ಣೆ ಜಾರಿದ ಹಾಗೆ ಜಾರಿತು. ಸ್ಟಿಯರಿಂಗು ತಿರುಗಿಸಿದ್ದಕ್ಕೂ ಗಾಡಿ ಹೋದದ್ದಕ್ಕೂ ಸಂಬಂಧವೇ ಇರಲಿಲ್ಲ. ಪುಣ್ಯಕ್ಕೆ ಅದು ಗುಡ್ಡದ ಕಡೆಗೆ ಹೋಗಿ ಚರಂಡಿಯಲ್ಲಿ ಒಂದು ಚಕ್ರವನ್ನಿಳಿಸಿ ನಿಂತಿತು. ಲಾರಿಗೂ ನಮಗೂ ನಡುವೆ ಒಂದು ಮೊಳ. ಹಿಂದಿನ ಸೀಟಿನಲ್ಲಿ ತಾಯಿ, ಮಡಿಲಲ್ಲಿದ್ದ ತಿಂಡಿಯ ಡಬ್ಬಿಯನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು, "ಏನಾಯ್ತಪ್ಪಾ?" ಎಂದರು. ನನಗೆ ಉತ್ತರ ಹೊರಡಲಿಲ್ಲ.

ಲಾರಿಯವರೇ ಬಂದು ಗಾಡಿಯನ್ನೆತ್ತಿ ರಸ್ತೆಗೆ ಹಾಕಿದರು. ಅಲ್ಲಿಂದ ಹಿಂದಿರುಗಿ, ಎತ್ತಿನ ಗಾಡಿಯ ವೇಗದಲ್ಲಿ ಹಾಸನಕ್ಕೆ ಬಂದು ಸೇರಿದೆವು.

ಮರುದಿನ ಟೈರಿನ ಅಂಗಡಿಗೆ ಹೋದೆ. ಅಲ್ಲಿ ಕೆಲಸಕ್ಕಿದ್ದವನು ನನ್ನ ಕೈಯಲ್ಲಿ ಓದಿದ ಹುಡುಗನೇ. ಓದಿದ ಎನ್ನುವುದಕ್ಕಿಂತ ತರಗತಿಯಲ್ಲಿದ್ದ ಎನ್ನಬೇಕು. "ಬ್ರೇಕು ಕೆಟ್ಟಿದೆ, ನೋಡಪ್ಪ" ಎಂದೆ. ಅವನು ಬ್ರೇಕಿನ ಕಡೆ ನೋಡಲೇ ಇಲ್ಲ. ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹೆಬ್ಬೆರಳಿನ ಉಗುರನ್ನು ಒತ್ತಿದ. "ಸಾರ್, ಉಗುರು ಇಳೀತಾ ಇಲ್ಲ. ಕಟ್ಟಿಗೆ ಆಗೋಗಿದೆ" ಎಂದ. ಆಮೇಲೆ ಬಟ್ಟೆಯಿಂದ ಟೈರಿನ ಪಕ್ಕವನ್ನು ಒರೆಸಿ, "ಇದನ್ನ ಓದಿ ಸಾರ್" ಎಂದು ತೋರಿಸಿದ. ಒಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿದ್ದವು: 4813.

"ಏನಪ್ಪ ಇದು?"

"ಇದು ಟೈರಿನ ಜಾತಕ ಸಾರ್. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಎರಡು ಸಾವಿರದ ಹದಿಮೂರನೇ ಇಸವಿ, ನಲವತ್ತೆಂಟನೇ ವಾರ. ಹತ್ತಿರ ಹತ್ತಿರ ಹತ್ತು ವರ್ಷ ಆಯ್ತು."

ಕೇಳುಗರೆ, ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿಯೇ ಹಲ್ಮಿಡಿ ಶಾಸನ ದೊರೆತದ್ದು. ಪ್ರತಿವರ್ಷವೂ ಮಕ್ಕಳಿಗೆ ಅದರ ಪಾಠ ಹೇಳುತ್ತೇನೆ. ಸುಮಾರು ಸಾವಿರದೈನೂರು ವರ್ಷಗಳ ಹಿಂದಿನ ಕಲ್ಲಿನ ಮೇಲೆ ಏನು ಬರೆದಿದೆಯೆಂದು ವಿಚಾರಮಾಡುವ ನಾನು, ದಿನಬೆಳಗಾದರೆ ಬಾಗಿಲಲ್ಲಿ ನಿಂತಿರುವ ನನ್ನದೇ ಚಕ್ರದ ಮೇಲೆ ಏನು ಬರೆದಿದೆಯೆಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅಂದಿನಿಂದ ಆ ಬರಹವನ್ನು ಓದಲು ಕಲಿತೆ. ನಾನು ಕಲಿತದ್ದನ್ನು, ನನ್ನ ಹಾಗೆ ಹಿಡಿತದ ಕೈಯಿಂದ ಖರ್ಚುಮಾಡುವವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ.

ಮೊದಲು ಈ ವಯಸ್ಸಿನ ಮಾತು. ಟೈರು ಸವೆದರೆ ಕೆಟ್ಟಿತು ಎಂಬುದು ಎಲ್ಲರಿಗೂ ಗೊತ್ತು. ಸವೆಯದೆಯೂ ಕೆಡುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರಬ್ಬರು ಗಾಳಿಯ ಆಮ್ಲಜನಕಕ್ಕೂ ಓಜೋನಿಗೂ ಬಿಸಿಲಿಗೂ ಸಿಕ್ಕಿ ನಿಧಾನವಾಗಿ ಗಡಸಾಗುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಇದನ್ನು ತಡೆಯಲೆಂದು ಕಾರ್ಖಾನೆಯಲ್ಲಿ ಒಂದು ಬಗೆಯ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ರಬ್ಬರಿನಲ್ಲಿಯೇ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿ ಬಳುಕಿದಂತೆ ಅವು ಒಳಗಿನಿಂದ ಮೇಲಕ್ಕೆ ಬಂದು ಮೈಗೆ ಕಾವಲಾಗುತ್ತವೆ. ಆದ್ದರಿಂದ ಓಡುವ ಗಾಡಿಗಿಂತ ಷೆಡ್ಡಿನಲ್ಲಿ ನಿಂತೇ ಇರುವ ಗಾಡಿಯ ಟೈರು ಈ ಒಂದು ಲೆಕ್ಕದಲ್ಲಿ ನತದೃಷ್ಟ. ನನ್ನ ಭಾವಮೈದುನ ಯಾವುದನ್ನು ಗುಣವೆಂದು ಹೇಳಿದನೋ ಅದೇ ದೋಷವಾಗಿತ್ತು. ನನ್ನ ಟೈರಿನಲ್ಲಿ ಗೀರುಗಳ ಆಳ ಇನ್ನೂ ನಾಲ್ಕು ಮಿಲಿಮೀಟರು ಇತ್ತು. ಆದರೆ ಗಡಸಾದ ರಬ್ಬರು ಒದ್ದೆಯ ಡಾಂಬರನ್ನು ಹಿಡಿಯಲಾರದು.

ಎಷ್ಟು ವರ್ಷಕ್ಕೆ ಬದಲಾಯಿಸಬೇಕು? ಐದು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ಬಲ್ಲವರಿಂದ ನೋಡಿಸಬೇಕೆಂದೂ, ನೋಡಲು ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷಕ್ಕೆ ತೆಗೆದೇ ಬಿಡಬೇಕೆಂದೂ ದೊಡ್ಡ ದೊಡ್ಡ ಟೈರಿನ ಕಂಪೆನಿಯವರೇ ಹೇಳುತ್ತಾರೆ. ಕೆಲವು ಕಾರಿನ ಕಂಪೆನಿಗಳು ಆರೇ ವರ್ಷ ಎನ್ನುತ್ತವೆ. ನಮ್ಮ ಬಿಸಿಲನ್ನು ನೋಡಿದರೆ ನಾನು ಆರರ ಕಡೆಗೇ ವಾಲುತ್ತೇನೆ. ಒಂದು ಮಾತು ನೆನಪಿರಲಿ: ಈ ತಾರೀಕು ಅನೇಕ ಟೈರುಗಳಲ್ಲಿ ಒಂದೇ ಪಕ್ಕದಲ್ಲಿ ಇರುತ್ತದೆ. ಹೊರಗಡೆ ಕಾಣದಿದ್ದರೆ ಒಳಗಡೆ ಬಗ್ಗಿ ನೋಡಬೇಕು. ಹಳೆಯ ಕಾರು ಕೊಳ್ಳಲು ಹೋದವರು ಅಂಗಿ ಕೊಳೆಯಾದೀತೆಂದು ಸಂಕೋಚಪಡಬಾರದು.

ಇನ್ನು ಸವೆತ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿತೆಂದರೆ ಉಳಿದಿರುವ ಆಳ 1.6 ಮಿಲಿಮೀಟರು. ಅದಕ್ಕಿಂತ ಸವೆದ ಟೈರಿನಲ್ಲಿ ಕಾರು ಓಡಿಸುವುದು ನಮ್ಮ ಮೋಟಾರು ನಿಯಮಗಳ ಪ್ರಕಾರ ತಪ್ಪು. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರು ಇರುತ್ತದೆ. ಗೀರುಗಳ ಕೆಲಸವೆಂದರೆ ಚಕ್ರದಡಿಯ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ ಕಡಿಮೆಯಾದಷ್ಟೂ ನೀರು ಅಡಿಯಲ್ಲೇ ಉಳಿದು ಚಕ್ರ ತೇಲತೊಡಗುತ್ತದೆ. ಆದ್ದರಿಂದ ಮಳೆಯ ಸೀಮೆಯವರು ಕಾಯಿದೆಯ 1.6ರವರೆಗೆ ಕಾಯದೆ, ಮೂರು ಮಿಲಿಮೀಟರಿಗೆ ಬಂದಾಗಲೇ ಬದಲಾಯಿಸುವುದು ವಾಸಿ. ಅಳೆಯಲು ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲು ಸಾಕು.

ಬದಲಾಯಿಸುವುದೆಂದು ನಿಶ್ಚಯವಾದ ಮೇಲೆ, ಯಾವುದನ್ನು ಕೊಳ್ಳಬೇಕು? ಇಲ್ಲಿ ಬರಹದ ಇನ್ನೊಂದು ಸಾಲನ್ನು ಓದಬೇಕು. ನನ್ನ ಟೈರಿನ ಮೇಲೆ 145/80 ಆರ್ 12 74ಟಿ ಎಂದಿದೆ. ಸೂತ್ರಪ್ರಾಯವಾಗಿದೆ, ಭಾಷ್ಯ ಬೇಕು. 145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಆ ಅಗಲದಲ್ಲಿ ನೂರಕ್ಕೆ ಎಂಬತ್ತು ಪಾಲು ಅದರ ಗೋಡೆಯ ಎತ್ತರ. 12 ಎಂದರೆ ಒಳಗಿನ ಕಬ್ಬಿಣದ ರಿಮ್ಮಿನ ವ್ಯಾಸ; ಇದು ಮಾತ್ರ ಅಂಗುಲದಲ್ಲಿ! ಒಂದೇ ಸೂತ್ರದಲ್ಲಿ ಎರಡು ಅಳತೆಯ ಪದ್ಧತಿಗಳು ಹೇಗೆ ಸೇರಿದವೋ, ವ್ಯಾಕರಣದವರಿಗೆ ಸಹಿಸುವ ವಿಷಯವಲ್ಲ. 74 ಎಂಬುದು ಭಾರದ ಸಂಕೇತ. ಎಪ್ಪತ್ತನಾಲ್ಕು ಕಿಲೋ ಎಂದು ತಿಳಿಯಬಾರದು. ಕೋಷ್ಟಕದಲ್ಲಿ ನೋಡಿದರೆ ಒಂದು ಟೈರು 375 ಕಿಲೋ ಹೊರಬಲ್ಲದೆಂದು ಅರ್ಥ. ಟಿ ಎಂಬುದು ವೇಗದ ಮಿತಿ, ಗಂಟೆಗೆ 190 ಕಿಲೋಮೀಟರು. ನನ್ನ ಕಾರಿಗೆ ಅಷ್ಟು ವೇಗದ ಆಸೆಯೇನೂ ಇಲ್ಲ. ಆದರೂ ಕಂಪೆನಿ ಹೇಳಿದ ಭಾರದ ಅಂಕಿಗಿಂತ, ವೇಗದ ಅಕ್ಷರಕ್ಕಿಂತ ಕೆಳಗಿನದನ್ನು ಹಾಕಬಾರದು.

ಉಳಿದದ್ದು ಆರ್ ಎಂಬ ಅಕ್ಷರ. ಅದು ರೇಡಿಯಲ್ ಎಂಬುದರ ಗುರುತು. ಟೈರೆಂದರೆ ಬರಿಯ ರಬ್ಬರಲ್ಲ. ಒಳಗೆ ನೂಲಿನ ಹಾಸಿರುತ್ತದೆ. ಹಿಂದೆ ಆ ನೂಲುಗಳನ್ನು ಓರೆಯಾಗಿ, ಒಂದರ ಮೇಲೊಂದು ಅಡ್ಡಹಾಯುವಂತೆ ಹಾಕುತ್ತಿದ್ದರು. ಫ್ರಾನ್ಸಿನ ಮಿಷೆಲಿನ್ ಕಂಪೆನಿಯವರು 1946ರಲ್ಲಿ ಹಕ್ಕುಪತ್ರ ಪಡೆದ ಹೊಸ ಕ್ರಮದಲ್ಲಿ, ನೂಲು ಚಕ್ರದ ಅರೆಕಾಲುಗಳಂತೆ ಅಂಚಿನಿಂದ ಅಂಚಿಗೆ ನೇರವಾಗಿ ಹಾಯುತ್ತದೆ; ಅದರ ಮೇಲೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಇದು ಕಡಿಮೆ ಕಾಯುತ್ತದೆ, ಹೆಚ್ಚು ಬಾಳುತ್ತದೆ. ಗಾಳಿ ತುಂಬಿದ ಟೈರೇ ಬಂದು ಇನ್ನೂರು ವರ್ಷವಾಗಿಲ್ಲ. 1845ರಲ್ಲಿ ರಾಬರ್ಟ್ ಥಾಮ್ಸನ್ ಎಂಬಾತ ಕಲ್ಪಿಸಿ ಹಕ್ಕುಪತ್ರ ಪಡೆದ, ಲೋಕ ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಇಂದು ನಮ್ಮ ಸುಳ್ಯ ಪುತ್ತೂರುಗಳಲ್ಲಿ ರಬ್ಬರಿನ ತೋಟಗಳಿವೆ, ಮೈಸೂರಿನಲ್ಲಿ ಟೈರಿನ ಕಾರ್ಖಾನೆಯಿದೆ. ವಿಕ್ರಾಂತ್ ಎಂಬ ಹೆಸರಿನಿಂದಿದ್ದ ಅದು 1997ರಲ್ಲಿ ಜೆ.ಕೆ. ಟೈರಿನವರ ಕೈಸೇರಿತು. ದೂರ ಹೋದೆ, ಅಂಗಡಿಗೆ ಹಿಂದಿರುಗೋಣ.

ನಾನು ಮೂರು ಅಂಗಡಿಗಳಲ್ಲಿ ವಿಚಾರಿಸಿದೆ. ಮೊದಲನೆಯ ಕಡೆ, "ಮೇಷ್ಟ್ರೆ, ಹಳೇ ಗಾಡಿಗೆ ಹೊಸ ಟೈರು ಯಾಕೆ? ಒಳ್ಳೇ ಸೆಕೆಂಡ್ ಹ್ಯಾಂಡ್ ಇದೆ, ಒಂದಕ್ಕೆ ಸಾವಿರ ರೂಪಾಯಿ" ಎಂದರು. ಕರಿಯ ಪಾಲಿಶು ಹಚ್ಚಿ ಕನ್ನಡಿಯಂತೆ ಹೊಳೆಯುತ್ತಿದ್ದವು. ತಾರೀಕು ನೋಡಿದೆ. ಒಂದಕ್ಕೆ ಏಳು ವರ್ಷ. ಇನ್ನೊಂದರ ತಾರೀಕು ಉಜ್ಜಿಹೋಗಿತ್ತು, ಹೋಗಿತ್ತೋ ಹೋಗಿಸಿದ್ದರೋ. ಯಾರ ಗಾಡಿಯಿಂದ ಏತಕ್ಕಾಗಿ ಬಿಚ್ಚಿದ್ದೆಂದು ಹೇಳುವವರಿಲ್ಲ. ಗುಂಡಿಗೆ ಬಡಿದು ಒಳಗಿನ ನೂಲು ಹರಿದಿದ್ದರೆ ಹೊರಗೆ ಕಾಣುವುದಿಲ್ಲ. ಸವೆದ ಟೈರಿಗೆ ಬಿಸಿ ಕತ್ತಿಯಿಂದ ಹೊಸದಾಗಿ ಗೀರು ಕೊಯ್ದು ಮಾರುವವರೂ ಇದ್ದಾರಂತೆ. ಸಾವಿರ ರೂಪಾಯಿಯದು ಎರಡು ವರ್ಷ ಬಂದರೆ ವರ್ಷಕ್ಕೆ ಐನೂರಾಯಿತು. ಮೂರು ಸಾವಿರದ ಹೊಸದು ಆರು ವರ್ಷ ಬಂದರೂ ವರ್ಷಕ್ಕೆ ಅದೇ ಐನೂರು. ಹಾಗಾದರೆ ಅಗ್ಗ ಎಲ್ಲಿ ಬಂತು?

ಎರಡನೆಯವರು ರೀಬಟನ್ ಹಾಕಿಸಿದ ಟೈರು ತೋರಿಸಿದರು. ಹಳೆಯ ಮೈಗೆ ಹೊಸ ರಬ್ಬರಿನ ಹೊದಿಕೆ. ಲಾರಿ ಬಸ್ಸುಗಳ ದಪ್ಪ ಟೈರಿಗೆ ಅದು ಸಲ್ಲುವ ವಿದ್ಯೆ, ಬೇಕಾದಷ್ಟು ನಡೆಯುತ್ತದೆ. ನಾನು ಅದನ್ನು ಹಳಿಯುವುದಿಲ್ಲ. ಚಿಕ್ಕ ಕಾರಿಗೆ ಬೇಡವೆಂದು ಬಿಟ್ಟೆ. ಅವರೇ ಇನ್ನೊಂದು ಉಪಾಯ ಹೇಳಿದರು: ಟ್ಯೂಬಿಲ್ಲದ ಟೈರಿನೊಳಗೆ ಟ್ಯೂಬು ಹಾಕಿ ಇನ್ನೊಂದು ವರ್ಷ ತಳ್ಳುವುದು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ. ಟ್ಯೂಬಿಗೆ ಚುಚ್ಚಿದರೆ ಒಮ್ಮೆಲೇ ಹೋಗುತ್ತದೆ. ಮೇಲಾಗಿ ಟ್ಯೂಬೂ ಟೈರೂ ಒಂದಕ್ಕೊಂದು ತಿಕ್ಕಿ ಶಾಖ ಹೆಚ್ಚುತ್ತದೆ. ಇದ್ದ ಒಳ್ಳೆಯ ಗುಣವನ್ನು ದುಡ್ಡು ಕೊಟ್ಟು ಕಳೆದುಕೊಂಡಂತೆ.

ಕೊನೆಗೆ ನನ್ನ ಶಿಷ್ಯನ ಅಂಗಡಿಗೇ ಬಂದೆ. ಅಲ್ಲಿಯೂ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಭಯ ಹಿಡಿದವನಲ್ಲವೆ? "ಇದ್ದುದರಲ್ಲಿ ದುಬಾರಿಯದನ್ನು ಕೊಡು" ಎಂದೆ. ಅವನು, "ಸಾರ್, ತಿಂಗಳಿಗೆ ಎಷ್ಟು ಓಡಿಸ್ತೀರಿ?" ಎಂದು ಕೇಳಿದ. ಐನೂರು ಕಿಲೋಮೀಟರು ಎಂದೆ. ವರ್ಷಕ್ಕೆ ಆರು ಸಾವಿರ. ಸಾಧಾರಣ ಟೈರು ನಲವತ್ತು ಸಾವಿರ ಓಡುತ್ತದೆಂದುಕೊಂಡರೆ ನನಗೆ ಅದು ಆರೂವರೆ ವರ್ಷ ಬಂತು. ಅಷ್ಟರಲ್ಲಿ ಅದರ ಆಯುಸ್ಸೂ ಮುಗಿಯಿತು. ಇನ್ನೂ ಹೆಚ್ಚು ಓಡುವುದೆಂದು ಹೇಳುವ ದುಬಾರಿಯ ಟೈರನ್ನು ನಾನು ಕೊಂಡರೆ, ಆ ಹೆಚ್ಚಿನ ಕಿಲೋಮೀಟರುಗಳೆಲ್ಲ ನನ್ನ ಮನೆಯ ಮುಂದೆ ನಿಂತೇ ಒಣಗಿಹೋಗುತ್ತವೆ. ಬಾಡಿಗೆ ಕಾರಿನವನು ದಿನಕ್ಕೆ ಇನ್ನೂರು ಕಿಲೋಮೀಟರು ಓಡಿಸುತ್ತಾನೆ. ಅವನು ಬಾಳಿಕೆಗೆ ದುಡ್ಡು ಹಾಕಬೇಕು. ನನ್ನಂಥವನು ಹೊಸತನಕ್ಕೆ ಹಾಕಬೇಕು. ಎಂದರೆ, ಹೆಸರಿರುವ ಕಂಪೆನಿಯ ಮಧ್ಯಮ ಬೆಲೆಯ ಟೈರು, ಗಾಡಿಗೆ ಹೇಳಿದ ಅಳತೆಯದೇ, ಐ.ಎಸ್.ಐ. ಗುರುತಿರುವುದು, ಆದರೆ ಕಾರ್ಖಾನೆಯಿಂದ ಬಂದು ಆರು ತಿಂಗಳ ಒಳಗಿನದು. ಎರಡು ವರ್ಷದಿಂದ ಅಟ್ಟದ ಮೇಲಿದ್ದ ಟೈರನ್ನು ರಿಯಾಯಿತಿ ಬೆಲೆಗೆ ಕೊಡುತ್ತೇನೆಂದರೆ, ಆ ರಿಯಾಯಿತಿಯನ್ನು ವರ್ಷಕ್ಕೆ ಭಾಗಿಸಿ ನೋಡಿ. ಈ ಲೆಕ್ಕವನ್ನು ನನಗೆ ಕಲಿಸಿದವನಿಗೆ ನಾನು ಒಮ್ಮೆ ಕನ್ನಡದಲ್ಲಿ ಮೂವತ್ತೈದಕ್ಕೆ ಎರಡು ಕಡಿಮೆ ಕೊಟ್ಟಿದ್ದೆನೆಂಬುದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಒಂದಕ್ಕೆ ಮೂರು ಸಾವಿರದ ಇನ್ನೂರರಂತೆ ನಾಲ್ಕಕ್ಕೆ ಹನ್ನೆರಡು ಸಾವಿರದ ಎಂಟುನೂರು ಆಯಿತು. ಆಗ ಟೈರಿಗೆ ನೂರಕ್ಕೆ 28ರಂತೆ ಜಿ.ಎಸ್.ಟಿ. ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿಯಿತು. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ತೆರಿಗೆ ಎಷ್ಟೆಂದು ನೋಡಿ. ಬಿಲ್ಲಿಲ್ಲದಿದ್ದರೆ ಟೈರಿನಲ್ಲಿ ದೋಷ ಕಂಡಾಗ ಕಂಪೆನಿಯವರ ಮುಂದೆ ನಿಲ್ಲಲು ನಿಮಗೆ ಆಧಾರವಿಲ್ಲ. ಹೊಸ ಟೈರಿನ ಜೊತೆಗೆ ಗಾಳಿ ಹಿಡಿಸುವ ವಾಲ್ವನ್ನೂ ಹೊಸದಾಗಿ ಹಾಕಿಸಿ. ಅದೂ ರಬ್ಬರೇ, ಅದಕ್ಕೂ ವಯಸ್ಸಾಗಿರುತ್ತದೆ.

ನಾಲ್ಕಕ್ಕೂ ಒಟ್ಟಿಗೆ ದುಡ್ಡಿಲ್ಲದವರು ಎರಡನ್ನು ಕೊಳ್ಳುತ್ತಾರೆ. ತಪ್ಪಿಲ್ಲ. ಆ ಎರಡನ್ನು ಎಲ್ಲಿ ಹಾಕಬೇಕು? ನಮ್ಮ ಚಿಕ್ಕ ಕಾರುಗಳಲ್ಲಿ ಎಂಜಿನಿನ ಎಳೆತವೂ ಸ್ಟಿಯರಿಂಗೂ ಮುಂದಿನ ಚಕ್ರಕ್ಕೇ. ಸವೆಯುವುದೂ ಅವೇ ಬೇಗ. ಆದ್ದರಿಂದ ಹೊಸವನ್ನು ಮುಂದಕ್ಕೆ ಹಾಕಬೇಕೆಂದು ನಾನು ಹೇಳಿದೆ, ಅಂಗಡಿಯಲ್ಲಿ ನಿಂತಿದ್ದ ಇನ್ನಿಬ್ಬರೂ ಹೌದೆಂದರು. ಟೈರಿನ ಶಾಸ್ತ್ರ ಬಲ್ಲವರು ಹಿಂದಕ್ಕೆ ಹಾಕಿ ಎನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರವಾಗಿ ಹೋಗುತ್ತದೆ; ಕಾಲು ಸಡಿಲಿಸಿ ವೇಗವಿಳಿಸಿದರೆ ಹಿಡಿತ ಮತ್ತೆ ಬರುವ ಸಂಭವವುಂಟು. ಹಿಂದಿನ ಚಕ್ರ ಜಾರಿದರೆ ಗಾಡಿಯೇ ಬುಗುರಿಯಂತೆ ತಿರುಗುತ್ತದೆ. ಅದನ್ನು ಸರಿಪಡಿಸುವುದು ನಮ್ಮಂಥ ಚಾಲಕರ ಕೈಲಾಗುವ ಮಾತಲ್ಲ. ಘಾಟಿಯ ತಿರುವಿನಲ್ಲಿ ಒಂದು ಸಲ ಜಾರಿದವನಾದ್ದರಿಂದ ಈ ವಾದ ನನಗೆ ಬೇಗ ಅರ್ಥವಾಯಿತು.

ಹೊಸದನ್ನು ಹಾಕುವ ಮೊದಲು ಹಳೆಯದು ಹೇಗೆ ಸವೆದಿದೆ ಎಂದೂ ನೋಡಬೇಕು. ಎರಡು ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆಯಿತ್ತು. ನಡುವೆ ಸವೆದಿದ್ದರೆ ಗಾಳಿ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರಗಳು ನೇರವಾಗಿಲ್ಲ, ಅಲೈನ್‌ಮೆಂಟು ಮಾಡಿಸಬೇಕು. ಮಾಡಿಸದೆ ಹೊಸ ಟೈರು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಅಲ್ಲಿನ ಚೀಟಿಯಲ್ಲಿದೆ. ಟೈರಿನ ಮೈಮೇಲೆ ಬರೆದಿರುವುದು ಅದು ತಾಳುವ ಪರಮಾವಧಿ, ಅಷ್ಟು ತುಂಬಿಸಬಾರದು. ಬೆಳಗ್ಗೆ ಗಾಡಿ ತಣ್ಣಗಿರುವಾಗ ಹಿಡಿಸಿ.

ಕೆಲಸವೆಲ್ಲ ಮುಗಿದು ದುಡ್ಡು ಕೊಟ್ಟ ಮೇಲೆ ಹುಡುಗ ನನ್ನ ನಾಲ್ಕು ಹಳೆಯ ಟೈರುಗಳನ್ನೂ ಸಾಲಾಗಿ ಒರಗಿಸಿ, ಕತ್ತಿಯಿಂದ ಒಂದೊಂದರ ಪಕ್ಕವನ್ನೂ ಸೀಳಿದ. ಏಕೆಂದು ಕೇಳಿದೆ. "ಹಂಗೇ ಬಿಟ್ರೆ ಯಾರಾದ್ರೂ ತಗೊಂಡೋಗಿ ಪಾಲಿಶ್ ಹೊಡೆದು ಮಾರ್ತಾರೆ ಸಾರ್" ಎಂದ.

ಆಮೇಲೆ ಡಿಕ್ಕಿ ತೆರೆಯಲು ಹೇಳಿದ. ಅಲ್ಲಿ ಸ್ಟೆಪ್ನಿಯಿತ್ತು. ನನಗೆ ಅದರ ಮೇಲೆ ಬಹಳ ನಂಬಿಕೆ. ಒಂದು ಸಲವೂ ನೆಲ ಮುಟ್ಟಿದ್ದಲ್ಲ, ಕಾರ್ಖಾನೆಯ ರಬ್ಬರಿನ ಕೂದಲುಗಳು ಇನ್ನೂ ಉದುರಿರಲಿಲ್ಲ. "ಇದಂತೂ ಹೊಸದೇ" ಎಂದೆ. ಅವನು ಮಾತಾಡದೆ ಅದನ್ನು ಎತ್ತಿ ನನ್ನ ಕಡೆಗೆ ತಿರುಗಿಸಿ ಹಿಡಿದ. ಈ ಸಲ ನಾನೇ ಓದಿದೆ: 4813. ಐದನೆಯ ಟೈರನ್ನು ಮುಂದಿನ ತಿಂಗಳ ಸಂಬಳದಲ್ಲಿ ಕೊಂಡೆ. ಸುಬ್ರಹ್ಮಣ್ಯಕ್ಕೆ ಹೋದದ್ದು ಅದಾದ ಮೇಲೆಯೇ. ತಾಯಿ ಹಿಂದಿನ ಸೀಟಿನಲ್ಲಿ ಅದೇ ಡಬ್ಬಿ ಹಿಡಿದುಕೊಂಡಿದ್ದರು.